ವರ್ಷದ ಕೂಸಿಗೆ ಯಾವ ಬೈಬಲ್ ಕಥೆ?

ದಾವಣಗೆರೆಯಲ್ಲಿ ನಾನು ಮಾತು ತಡವಾದ ಪುಟ್ಟ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ನಮ್ಮ ಸಭೆಯ ತಾಯಂದಿರಿಗೆ ಇದು ಗೊತ್ತು. ಹಾಗಾಗಿ ಭಾನುವಾರ ಆರಾಧನೆ ಮುಗಿದ ಮೇಲೆ ಯಾರಾದರೊಬ್ಬರು ಹತ್ತಿರ ಬಂದು ಕೇಳುತ್ತಾರೆ: "ಅಕ್ಕಾ, ಪಾಪುಗೆ ಒಂಬತ್ತು ತಿಂಗಳು. ಬೈಬಲ್ ಕಥೆಯ ಚಿತ್ರಪುಸ್ತಕ ತಂದಿದ್ದೀನಿ. ಓದೋಕೆ ಕೂತರೆ ಕಿತ್ಕೊಂಡು ಬಾಯಿಗೆ ಇಡ್ತಾನೆ. ಇನ್ನೂ ವಯಸ್ಸಾಗಿಲ್ಲ ಅಲ್ವಾ?"

ವಯಸ್ಸಾಗಿದೆ. ಬಾಯಿಗೆ ಇಡುವುದು, ತಟ್ಟುವುದು, ಕೆರೆಯುವುದು ಎಲ್ಲ ಆ ವಯಸ್ಸಿನ ಓದೇ. ಜೂಡಿ ಡೆಲೋಶ್ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಸಾಕ್ಷಿ. ಒಂಬತ್ತು ತಿಂಗಳ ಮಕ್ಕಳು ಪುಟದ ಚಿತ್ರದಲ್ಲಿದ್ದ ವಸ್ತುವನ್ನು ಎತ್ತಿಕೊಳ್ಳಲು ಕೈ ಹಾಕುತ್ತಿದ್ದರು. ಅಮೆರಿಕದಲ್ಲೂ ಹಾಗೇ, ಆಫ್ರಿಕಾದ ಐವರಿ ಕೋಸ್ಟ್‌ನಲ್ಲೂ ಹಾಗೇ. ಹತ್ತೊಂಬತ್ತು ತಿಂಗಳ ಹೊತ್ತಿಗೆ ಅದು ಕಡಿಮೆಯಾಗಿ, ಮಕ್ಕಳು ಚಿತ್ರದ ಕಡೆ ಬೆರಳು ತೋರಿಸುತ್ತಿದ್ದರು. ಚಿತ್ರ ಅಂದರೆ ನಿಜವಾದ ವಸ್ತು ಅಲ್ಲ, ಅದರ ಗುರುತು ಅಂತ ಮಗು ಕೈಯಿಂದಲೇ ಕಲಿಯುತ್ತದೆ. ಅದಕ್ಕೇ ಈ ವಯಸ್ಸಿಗೆ ದಪ್ಪ ರಟ್ಟಿನ ಬೋರ್ಡ್ ಬುಕ್ ಬೇಕು. ಮೂಲೆ ದುಂಡಗಿರಲಿ. ಒಂದು ಪುಟಕ್ಕೆ ಒಂದೋ ಎರಡೋ ದೊಡ್ಡ ಚಿತ್ರ ಸಾಕು.

ಮೂರು ತಿಂಗಳೊಳಗಿನ ಕೂಸಿಗೆ ಪುಸ್ತಕದ ಅವಸರ ಇಲ್ಲ. ಹುಟ್ಟಿದ ಮಗುವಿಗೆ ಚೆನ್ನಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರ ಮಾತ್ರ. ಎತ್ತಿಕೊಂಡಾಗ ಅಮ್ಮನ ಮುಖ ಇರುವುದು ಅಲ್ಲೇ. ಆ ಮುಖ ನೋಡುತ್ತಾ ಒಂದು ಗೀತೆ ಕೇಳಿಸಿಕೊಂಡರೆ ಸಾಕು.

ಇನ್ನು ಯಾವ ಕಥೆ ಅನ್ನುವ ಪ್ರಶ್ನೆ. ನಾನು ಅನುಸರಿಸುವ ನಿಯಮ ಒಂದೇ: ಮಗು ಕೈಕಾಲು ಆಡಿಸಿ, ದನಿ ಮಾಡಿ ಸೇರಿಕೊಳ್ಳಬಹುದಾದ ಕಥೆ ಬೇಕು. ಹಾಗೆ ನೋಡಿದರೆ ಲೂಕನ ಸುವಾರ್ತೆ 15ನೇ ಅಧ್ಯಾಯದ ಕಳೆದುಹೋದ ಕುರಿಗೆ ಸಮ ಇನ್ನೊಂದಿಲ್ಲ. ಎಂಟು ಒಂಬತ್ತು ತಿಂಗಳ ಹೊತ್ತಿಗೆ ಮಗುವಿಗೆ ಹೊಸದೊಂದು ತಿಳಿವಳಿಕೆ ಬಂದಿರುತ್ತದೆ: ಕಣ್ಣಿಗೆ ಕಾಣದಿದ್ದರೂ ವಸ್ತು ಎಲ್ಲೋ ಇದೆ ಅಂತ. ಸೆರಗಲ್ಲಿ ಮುಖ ಮುಚ್ಚಿ ತೆಗೆದರೆ ಕೇಕೆ ಹಾಕುವುದು ಅದಕ್ಕೇ. ಕಳೆದುಹೋದ ಕುರಿಯ ಕಥೆಯೂ ಅದೇ ಆಟ. ಕುರಿಯ ಚಿತ್ರದ ಮೇಲೆ ಅಂಗೈ ಇಡಿ. "ಕುರಿ ಎಲ್ಲಿ?" ಅನ್ನಿ. ಸ್ವಲ್ಪ ಕಾಯಿರಿ. ಮಗು ನಿಮ್ಮ ಕೈ ಎಳೆದಾಗ "ಸಿಕ್ತು! ಕುರಿ ಸಿಕ್ತು!" ಅನ್ನಿ. ಆಮೇಲೆ ಮಗುವನ್ನೇ ಎತ್ತಿ ಹೆಗಲ ಮೇಲೆ ಕೂರಿಸಿಕೊಳ್ಳಿ. ಕುರುಬನು ಸಂತೋಷದಿಂದ ಕುರಿಯನ್ನು ಹೆಗಲ ಮೇಲೆ ಹೊತ್ತುಕೊಂಡ ಅಂತ ಅಲ್ಲೇ ಬರೆದಿದೆ. ನೂರು ಕುರಿ, ತೊಂಬತ್ತೊಂಬತ್ತರ ಲೆಕ್ಕ ಈಗ ಬೇಡ. ಹುಡುಕಿದರು, ಸಿಕ್ಕಿತು, ಖುಷಿಯಾಯಿತು. ವರ್ಷದ ಕೂಸಿಗೆ ಇದು ಪೂರ್ತಿ ಕಥೆ. ಅದರಲ್ಲಿರುವ ಸುವಾರ್ತೆ ಒಂಚೂರೂ ಕಡಿಮೆಯಾಗಿಲ್ಲ.

"ಸ್ವಲ್ಪ ಕಾಯಿರಿ" ಅಂದೆನಲ್ಲ, ಅದನ್ನು ಜನ ಬಿಟ್ಟುಬಿಡುತ್ತಾರೆ. ನಾವು ಪ್ರಶ್ನೆ ಕೇಳಿ, ನಾವೇ ಉತ್ತರ ಹೇಳಿ ಪುಟ ತಿರುಗಿಸುತ್ತೇವೆ. ಮಗುವಿಗೆ ಕೇಳಿಸಿಕೊಂಡದ್ದನ್ನು ಕೂಡಿಸಿಕೊಂಡು ಕೈ ಎತ್ತಲು, ದನಿ ತೆಗೆಯಲು ಹೊತ್ತು ಬೇಕು. ಮನಸ್ಸಲ್ಲೇ ಐದರವರೆಗೆ ಎಣಿಸಿ. ನನ್ನ ಬಳಿ ಬರುವ ಪ್ರತಿಯೊಬ್ಬ ತಂದೆತಾಯಿಗೂ ಇದನ್ನು ಹೇಳುತ್ತೇನೆ. ಪುಸ್ತಕ ಯಾವುದೇ ಇರಲಿ, ಮಾತು ಬೆಳೆಯುವುದು ಆ ಬಿಡುವಿನಲ್ಲಿ.

ಆನ್‌ಲೈನ್‌ನಲ್ಲಿ ಸಿಗುವ ಬೋರ್ಡ್ ಬುಕ್‌ಗಳು ಜಾಸ್ತಿ ಇಂಗ್ಲಿಷಿನವು. ಇರಲಿ, ತನ್ನಿ. ಆದರೆ ಅಕ್ಷರ ಬಿಟ್ಟು ಚಿತ್ರ ನೋಡಿ, ಮನೆಮಾತಿನಲ್ಲಿ ಹೇಳಿ. ಕೂಸಿಗೆ ಜೋಗುಳ ಹಾಡಿದ ಮಾತು ಕನ್ನಡವೋ, ತೆಲುಗೋ, ತಮಿಳೋ, ಅದರಲ್ಲೇ ಹೇಳಿ. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾದದ್ದು 1831ರಲ್ಲಿ, ನಮ್ಮ ಪಕ್ಕದ ಬಳ್ಳಾರಿಯಲ್ಲಿದ್ದ ಮಿಷನರಿಗಳ ದುಡಿಮೆಯಿಂದ. ಅಷ್ಟು ಹಿಂದಿನಿಂದ ನಮ್ಮ ಮಾತಿನಲ್ಲಿರುವ ಕಥೆಯನ್ನು ಮಡಿಲಲ್ಲಿ ಕೂತ ಮಗುವಿಗೆ ಬಾರದ ಇಂಗ್ಲಿಷಿನಲ್ಲಿ ತಡವರಿಸಿ ಹೇಳುವುದು ಯಾಕೆ?

ಆ ಪುಸ್ತಕಗಳ ಕುರಿಗಳೂ ಬೇರೆ. ಹತ್ತಿ ಉಂಡೆಯ ಹಾಗೆ ಬೆಳ್ಳಗಿರುತ್ತವೆ. ಚಳ್ಳಕೆರೆ, ಹಿರಿಯೂರು ಕಡೆ ಮಗು ನೋಡುವ ಕುರಿ ಹೆಚ್ಚಾಗಿ ಕಪ್ಪು. ಅದರ ಉಣ್ಣೆಯಿಂದ ನೇಯ್ದ ಕರಿ ಕಂಬಳಿ ಅಜ್ಜಿಯ ಮನೆಯಲ್ಲೇ ಇರುತ್ತದೆ. ಆ ಕಂಬಳಿಯನ್ನು ಪುಸ್ತಕದ ಪಕ್ಕ ಹಾಸಿ ಮುಟ್ಟಿಸಿ. ಬಸ್ಸಿನಲ್ಲಿ ಹೋಗುವಾಗ ಮಂದೆ ಕಂಡರೆ ತೋರಿಸಿ: "ಅಗೋ ಕುರಿ! ಅಗೋ ಕುರಿ ಕಾಯೋ ಅಣ್ಣ!" ಸಂಜೆ ಕುರಿಗಳು ರೊಪ್ಪಕ್ಕೆ ಸೇರುವುದನ್ನು ನೋಡುವ ಅವಕಾಶ ನಮ್ಮ ಮಕ್ಕಳಿಗಿದೆ. ದೊಡ್ಡ ಊರಿನ ಎಷ್ಟೋ ಮಕ್ಕಳಿಗೆ ಅದಿಲ್ಲ. ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳಿಗೆ ಹೇಳಿಕೊಡಿ ಅನ್ನುವ ಧರ್ಮೋಪದೇಶಕಾಂಡದ ಮಾತು ಪುಟ್ಟ ಮಕ್ಕಳ ವಿಷಯದಲ್ಲಿ ಅಕ್ಷರಶಃ ಸರಿ. ಕಥೆ ದಿನವಿಡೀ ಬೇರೆ ಬೇರೆ ಕಡೆ ಮತ್ತೆ ಎದುರಾದರೇ ಮಗುವಿಗೆ ಅದು ನೆಲೆಯಾಗುತ್ತದೆ.

ನೋಹನ ಕಥೆ ಎಲ್ಲರ ಮನೆಯಲ್ಲೂ ಇದೆ. ಎಲ್ಲ ಚಿತ್ರಗಳೂ ಪಾರಿವಾಳ ತೋರಿಸುತ್ತವೆ, ಕಾಗೆ ಎಷ್ಟೋ ಸಲ ಇರುವುದೇ ಇಲ್ಲ. ನೋಹ ಮೊದಲು ಹಾರಿಬಿಟ್ಟದ್ದು ಕಾಗೆಯನ್ನು. ನಮ್ಮ ಮಕ್ಕಳಿಗೆ ಮೊದಲು ಪರಿಚಯವಾಗುವ ಹಕ್ಕಿಯೂ ಕಾಗೆಯೇ. ತುತ್ತು ತಿನ್ನಿಸುವಾಗ ಕಾಂಪೌಂಡ್ ಮೇಲೆ ಕೂತಿರುತ್ತದೆ. "ಕಾ ಕಾ" ಅಂತ ಮಗು ದನಿಗೂಡಿಸಿದರೆ ಅದೇ ಅದರ ಪಾಲಿನ ಓದು. ಆದರೆ ಮೂರು ವರ್ಷದೊಳಗಿನ ಮಗುವಿಗೆ ನೀರಿನಲ್ಲಿ ಮುಳುಗಿದವರ ವಿಷಯ ಬೇಡ. ದೊಡ್ಡ ನಾವೆ, ಪ್ರಾಣಿಗಳು, ಮಳೆ, ಹಕ್ಕಿ, ಮಳೆಬಿಲ್ಲು ಸಾಕು. ದಾವೀದ ಕಡಿದ ಗೊಲ್ಯಾತನ ತಲೆ, ಮಗ ಇಸಾಕನ ಮೇಲೆ ಅಬ್ರಹಾಮ ಎತ್ತಿದ ಕತ್ತಿ ಇವೂ ಕಾಯಲಿ. "ಅರ್ಧ ಹೇಳಿದರೆ ದೇವರ ವಾಕ್ಯಕ್ಕೆ ಅನ್ಯಾಯ ಆಗಲ್ವಾ?" ಅಂತ ಹಿರಿಯರೊಬ್ಬರು ಕೇಳಿದ್ದರು. ಅವರ ಕಳಕಳಿ ನನಗೆ ಅರ್ಥವಾಗುತ್ತದೆ. ಆದರೆ ಸುಳ್ಳು ಸೇರಿಸದೆ ಚಿಕ್ಕದು ಮಾಡಿದರೆ ಅನ್ಯಾಯವಿಲ್ಲ. ಇದೇ ಕಥೆಗೆ ಮಗು ಐದರಲ್ಲಿ, ಹತ್ತರಲ್ಲಿ ಮತ್ತೆ ಬರುತ್ತದೆ. ಶಿಲುಬೆಯನ್ನು ಮಗುವೇ ತೋರಿಸಿದರೆ ತಪ್ಪಿಸಬೇಡಿ. "ಅದು ಶಿಲುಬೆ. ಯೇಸುವಿಗೆ ನಿನ್ನ ಮೇಲೆ ತುಂಬಾ ಪ್ರೀತಿ" ಅಂದರೆ ಆಯಿತು.

ಎರಡು ವರ್ಷದ ಓಡಾಡುವ ಮಗುವಿಗೆ, ಯೇಸುವನ್ನು ನೋಡಲು ಮರ ಹತ್ತಿದ ಜಕ್ಕಾಯ ಸರಿಯಾದ ಜೊತೆ. ಗಿಡ್ಡ ಮನುಷ್ಯ, ಎದುರಿಗೆ ಜನರ ಗುಂಪು, ಏನೂ ಕಾಣುವುದಿಲ್ಲ. ಈ ಕಷ್ಟ ಎರಡು ವರ್ಷದ ಮಗುವಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನು ಹತ್ತಿದ್ದು ನಮ್ಮ ಅತ್ತಿಯ ಜಾತಿಯದೇ ಮರ. ದಿಂಬು ಜೋಡಿಸಿ ಮಗುವನ್ನು ಹತ್ತಿಸಿ, ಯೇಸು ಕರೆದ ಹಾಗೆ ಹೆಸರು ಹಿಡಿದು ಕರೆದು "ಬೇಗ ಇಳಿದು ಬಾ" ಅನ್ನಿ. ಓಡು, ಹತ್ತು, ನೋಡು, ಇಳಿ, ಬಾ: ಐದು ಕ್ರಿಯಾಪದ ಮೈಯಿಂದಲೇ ಬರುತ್ತವೆ. ಎರಡು ಪದ ಜೋಡಿಸಿ ಮಾತಾಡುವ ವಯಸ್ಸಿಗೆ ಬೇಕಾಗಿರುವುದು ಇದೇ.

ಮೊಬೈಲಿನಲ್ಲಿ ಇದೇ ಕಥೆಗಳ ವಿಡಿಯೋ ಬರುತ್ತವೆ. ದೇವರ ಕಥೆ ತಾನೇ ಅಂತ ಮಗುವಿನ ಕೈಗೆ ಕೊಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರುವ ಪ್ರಕಾರ ಎರಡು ವರ್ಷದೊಳಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ. ವಿಡಿಯೋ ಮಗುವಿಗಾಗಿ ಕಾಯುವುದಿಲ್ಲ.

ಕೆಲಸಕ್ಕೆ ಹೋಗುವ ಅಮ್ಮಂದಿರು ಇದಕ್ಕಾಗಿ ನೊಂದುಕೊಳ್ಳಬೇಕಿಲ್ಲ. ಅಜ್ಜಿಯ ಕೈಗೆ ಪುಸ್ತಕ ಕೊಡಿ. ಓದಲು ಬಾರದಿದ್ದರೂ ತೊಂದರೆಯಿಲ್ಲ. ತನ್ನ ಕಿರಿಯ ಜೊತೆಗಾರ ತಿಮೊಥೆಯನ ನಂಬಿಕೆಯ ಬಗ್ಗೆ ಬರೆಯುವಾಗ ಅಪೊಸ್ತಲ ಪೌಲ ಮೊದಲು ಹೆಸರಿಸುವುದು ಅಜ್ಜಿ ಲೋವಿಯನ್ನು, ಆಮೇಲೆ ತಾಯಿ ಯೂನಿಕೆಯನ್ನು.

ಕೊನೆಯದಾಗಿ, ಪುಸ್ತಕ ಹಿಡಿದು ಕೂತಾಗ ಮಗುವನ್ನು ಗಮನಿಸಿ. ವರ್ಷ ತುಂಬಿದರೂ ಹೆಸರು ಕರೆದರೆ ತಿರುಗುತ್ತಿಲ್ಲವೇ? ಒಂದೂವರೆ ವರ್ಷವಾದರೂ ಬೆರಳು ತೋರಿಸುತ್ತಿಲ್ಲವೇ? ಎರಡು ವರ್ಷಕ್ಕೂ ಎರಡು ಪದ ಜೋಡಿಸುತ್ತಿಲ್ಲವೇ? "ಗಂಡು ಮಕ್ಕಳು ತಡವಾಗಿ ಮಾತಾಡ್ತಾರೆ" ಅಂತ ಸುಮ್ನೆ ಕೂರಬೇಡಿ. ಪ್ರಾರ್ಥನೆ ಮಾಡಿ, ಜೊತೆಗೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮಕ್ಕಳ ಆರೋಗ್ಯ ತಪಾಸಣೆಗೆ ಅಂಗನವಾಡಿಗೆ ಬರುವ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸಿದರೆ ಮುಂದೆ ಎಲ್ಲಿಗೆ ಹೋಗಬೇಕು ಅಂತ ಅವರೇ ಬರೆದುಕೊಡುತ್ತಾರೆ.