ಭಿನ್ನರಾಶಿ ಕಲಿಸೋಕೆ ಒಂದು ಕಾಗದದ ಪಟ್ಟಿ ಸಾಕು

ನಾಲ್ಕನೇ ಕ್ಲಾಸಿನ ಮಗು 1/2 + 1/3 = 2/5 ಅಂತ ಬರೆದ್ರೆ ಮನೇಲಿ ಏನಾಗುತ್ತೆ ಗೊತ್ತಲ್ಲ. ಮೊದ್ಲು ಬೈಗುಳ, ಆಮೇಲೆ ಟ್ಯೂಷನ್ನು, ಅದಕ್ಕೂ ಬಗ್ಗದಿದ್ರೆ ಜಾತಕ ತೆಗೆದು ಬುಧ ಎಲ್ಲಿದ್ದಾನೆ ಅಂತ ನೋಡೋದು. ಬುಧ ಪಾಪ 88 ದಿನಕ್ಕೊಮ್ಮೆ ಸೂರ್ಯನ್ನ ಸುತ್ಕೊಂಡು ತನ್ನ ಪಾಡಿಗೆ ತಾನಿದ್ದಾನೆ, ನಿಮ್ಮ ಮಗುವಿನ ಲ.ಸಾ.ಅ. (ಅದೇ, ಎಲ್‌ಸಿಎಂ) ಕಟ್ಕೊಂಡು ಅವನಿಗೇನಾಗ್ಬೇಕು?

ಆ 2/5 ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ. ಮಗುವಿನ ಉತ್ತರ ಪತ್ರಿಕೆ ತೆಗೆದು ನೋಡಿ, ಮೇಲ್ಗಡೆ ಕೆಂಪಿಂಕಲ್ಲಿ ಟೀಚರ್ರೇ 8/10 ಅಂತ ಬರೆದಿರ್ತಾರೆ, ಇನ್ನೊಂದ್ರಲ್ಲಿ 15/20, ಎರಡೂ ಸೇರಿಸಿ ಪ್ರೋಗ್ರೆಸ್ ಕಾರ್ಡಲ್ಲಿ 23/30. ಮೇಲಿಂದು ಮೇಲಿಂದಕ್ಕೆ, ಕೆಳಗಿಂದು ಕೆಳಗಿಂದಕ್ಕೆ! ಮಾರ್ಕ್ಸಿಗೆ ಅದು ಸರೀನೇ, ಯಾಕಂದ್ರೆ ಅಲ್ಲಿ ಪ್ರತಿ ಪೇಪರ್ರಿಗೂ ಒಟ್ಟು ಬೇರೆ ಬೇರೆ. ಅದೇ ಗೆರೆ, ಅದೇ ಥರ ಬರವಣಿಗೆ, ಆದ್ರೆ ಗಣಿತದ ಪೀರಿಯಡ್ಡಲ್ಲಿ ಮಾತ್ರ ಹಾಗೆ ಕೂಡಿದ್ರೆ ತಪ್ಪು ಅಂದ್ರೆ ಮಗು ಏನು ಮಾಡ್ಬೇಕು ಹೇಳಿ.

ಇದು ನಮ್ಮೂರಿನ ಕಥೆ ಅಷ್ಟೇ ಅಲ್ಲ. 1978ರಲ್ಲಿ ಅಮೆರಿಕದ ರಾಷ್ಟ್ರೀಯ ಪರೀಕ್ಷೆಯೊಂದ್ರಲ್ಲಿ 13 ವರ್ಷದ ಮಕ್ಕಳಿಗೆ 12/13 + 7/8 ಅಂದಾಜು ಎಷ್ಟು ಅಂತ ಕೇಳಿದ್ರು, ಆಯ್ಕೆಗಳು 1, 2, 19, 21. ಎರಡೂ ಹತ್ತತ್ರ ಒಂದೊಂದು, ಸೇರಿದ್ರೆ 2. ಸರಿ ಹೇಳಿದವ್ರು 24% ಅಷ್ಟೇ. ಅರ್ಧಕ್ಕಿಂತ ಜಾಸ್ತಿ ಮಕ್ಕಳು 19 ಇಲ್ಲಾ 21 ಅಂದಿದ್ರು, ಅಂದ್ರೆ 12+7 ಅಥವಾ 13+8. ಅವ್ರ ಕಣ್ಣಿಗೆ 12/13 ಅನ್ನೋದು ಒಂದು ಸಂಖ್ಯೆ ಅಲ್ವೇ ಅಲ್ಲ, ಮೇಲೊಂದು ಕೆಳಗೊಂದು ಕೂತಿರೋ ಎರಡು ಸಂಖ್ಯೆ. 1/4ಕ್ಕಿಂತ 1/8 ದೊಡ್ಡದು ಅನ್ನೋದೂ ಇದೇ ಕಾಯಿಲೆ, 8 ದೊಡ್ಡದು ತಾನೇ ಅಂತ.

ಇದಕ್ಕೆ ನಾವು ಕೊಡೋ ಔಷಧಿ ಏನು? ರೊಟ್ಟಿ ಚಿತ್ರ. ನಾಲ್ಕು ಭಾಗ ಮಾಡಿ ಮೂರಕ್ಕೆ ಬಣ್ಣ ಹಚ್ಚು. ಶುರುವಿಗೆ ಒಂದೆರಡು ದಿನ ಚೆನ್ನಾಗಿದೆ, ಹಂಚ್ಕೊಳ್ಳೋದು ಮಕ್ಕಳಿಗೆ ಗೊತ್ತು. ಆದ್ರೆ ಅಲ್ಲೇ ತಿಂಗಳುಗಟ್ಲೆ ಕೂತ್ರೆ ಮಗು ಕಲಿಯೋದು ಎಣಿಕೆ ಮಾತ್ರ: ಬಣ್ಣ ಹಚ್ಚಿದ್ದು ಮೂರು, ಒಟ್ಟು ನಾಲ್ಕು. ಮತ್ತೆ ಎರಡು ಸಂಖ್ಯೆ. ಇನ್ನು 5/4 ಬಂತು ಅಂದ್ರೆ ಮುಗೀತು, ನಾಲ್ಕೇ ತುಂಡಿರೋ ರೊಟ್ಟೀಲಿ ಐದಕ್ಕೆ ಹೆಂಗೆ ಬಣ್ಣ ಹಚ್ಚೋದು ಮಿಸ್ ಅಂತ ಕೇಳೋ ಮಗು ದಡ್ಡ ಅಲ್ಲ, ಪಾಠಪುಸ್ತಕಕ್ಕಿಂತ ಬುದ್ಧಿವಂತ.

ಭಿನ್ನರಾಶಿಗೂ ಸಂಖ್ಯಾರೇಖೆ ಮೇಲೆ ಒಂದು ಜಾಗ ಇದೆ, 0ಯಿಂದ ಅಷ್ಟು ದೂರ ಅಂತ ತೋರಿಸ್ಬೇಕು. ಅಮೆರಿಕದಲ್ಲಿ ಲಿನ್ ಫುಕ್ಸ್ ಅನ್ನೋ ಸಂಶೋಧಕಿ ಮತ್ತವ್ರ ತಂಡ ಗಣಿತದಲ್ಲಿ ಹಿಂದುಳಿದ ನಾಲ್ಕನೇ ಕ್ಲಾಸಿನ ಮಕ್ಕಳಿಗೇ ಹೀಗೆ ಅಳತೆ, ಹೋಲಿಕೆ, ಸಂಖ್ಯಾರೇಖೆ ಇಟ್ಕೊಂಡು ಕಲಿಸಿ ನೋಡಿದ್ರು, ಮಾಮೂಲಿ ಪಾಠ ಕಲಿತವ್ರಿಗಿಂತ ಈ ಮಕ್ಕಳು ಮುಂದೆ ಹೋದ್ರು. ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದವ್ರೂ ಹಂಚಿಕೆ ಜೊತೆ ಅಳತೆಯನ್ನೂ ಸೇರಿಸಿ ಭಿನ್ನರಾಶಿ ಕಲಿಸೋದ್ರ ಮೇಲೆ ಕೆಲಸ ಮಾಡಿದ್ದಾರೆ.

ಕಿಟ್ಟು ಗಿಟ್ಟು ಏನೂ ಬೇಡ. ಹಳೇ ನೋಟ್‌ಬುಕ್ಕಿನ ಹಾಳೆಯಿಂದ ಒಂದೇ ಉದ್ದದ ಏಳೆಂಟು ಪಟ್ಟಿ ಕತ್ತರಿಸಿ. ಉದ್ದ ಒಂದೇ ಇರ್ಬೇಕು, ಇದ್ರಲ್ಲಿ ರಾಜಿ ಇಲ್ಲ, ಯಾಕಂದ್ರೆ ಮಾರ್ಕ್ಸಿಗೂ ಭಿನ್ನರಾಶಿ ಕೂಡೋದಕ್ಕೂ ವ್ಯತ್ಯಾಸ ಇರೋದೇ ಇಲ್ಲಿ, ಇಲ್ಲಿ ಪೂರ್ತಿ ಅನ್ನೋದು ಎಲ್ಲದಕ್ಕೂ ಒಂದೇ. ಎಡತುದಿಗೆ 0, ಬಲತುದಿಗೆ 1 ಅಂತ ಬರೆಸಿ. ಒಂದನ್ನ ಅರ್ಧಕ್ಕೆ ಮಡಚಿ, ಇನ್ನೊಂದನ್ನ ಎರಡು ಸಲ ಮಡಚಿ, ಬಿಡಿಸಿ ಒಂದರ ಕೆಳಗೊಂದು ಇಡ್ಸಿ, 1/2ರ ಮಡಿಕೆ ಕೆಳಗೇ 2/4 ಬಂದು ಕೂತಿರುತ್ತೆ. ಸಮಾನ ಭಿನ್ನರಾಶಿ ಪಾಠ ಮುಗೀತು, ನೀವು ಬಾಯಿ ಬಿಡೋದೇ ಬೇಡ. ಒಂದ್ಕಡೆ ಮಾತ್ರ ಹುಷಾರು: ನಾಲ್ಕು ಭಾಗಕ್ಕೆ ಮಡಿಕೆ ಮೂರೇ ಬರೋದು, ಸುಮಾರು ಮಕ್ಕಳು ಮಡಿಕೆ ಎಣಿಸಿ ಮೂರು ಭಾಗ ಅಂತಾರೆ. ಬೆರಳನ್ನ ಗೆರೆ ಮೇಲಲ್ಲ, ಗೆರೆ ಮಧ್ಯದ ಜಾಗದ ಮೇಲೆ ಇಟ್ಟು ಎಣಿಸೋಕೆ ಹೇಳಿ.

ಮೂರು ಭಾಗ ಮಾಡೋದು ಸ್ವಲ್ಪ ರಗಳೆ. ಪಟ್ಟೀನ ಒತ್ತದೆ ಸಡಿಲವಾಗಿ ಹಾವಿನ ಥರ ಬಳುಕಿಸಿ, ಒಂದ್ ತುದಿ ಮೇಲ್ಗಡೆ ಇನ್ನೊಂದ್ ತುದಿ ಕೆಳಗಡೆ, ಮೂರು ಪದರದ ಅಂಚು ಸಮ ಆಗೋವರೆಗೂ ಆ ಕಡೆ ಈ ಕಡೆ ಜರುಗಿಸಿ, ಆಮೇಲೆ ಗಟ್ಟಿಯಾಗಿ ಒತ್ತಿ. ಮಡಚಿದ್ದನ್ನೇ ಇನ್ನೊಮ್ಮೆ ಅರ್ಧ ಮಡಚಿದ್ರೆ ಆರು ಭಾಗ. ಈಗ 1/2 ತುಂಡು ಮುಗಿಯೋ ಕಡೆಯಿಂದ 1/3 ತುಂಡು ಇಡೋಕೆ ಹೇಳಿ, ಆರು ಭಾಗದ ಪಟ್ಟೀಲಿ ಅದು ಸೀದಾ 5/6ರ ಗೆರೆಗೆ ಹೋಗಿ ನಿಲ್ಲುತ್ತೆ. 2/5 ಎಲ್ಲಿದೆ ಹುಡುಕು ಅಂದ್ರೆ ಮಗುವೇ ಅಯ್ಯೋ ಇದು ಅರ್ಧಕ್ಕಿಂತ ಹಿಂದಿದೆಯಲ್ಲ ಅನ್ನುತ್ತೆ. ಅರ್ಧಕ್ಕೆ ಇನ್ನೂ ಸೇರಿಸಿದ್ಮೇಲೆ ಕಮ್ಮಿ ಆಗೋದು ಹೆಂಗೆ?

5/6 ಆದ್ಮೇಲೆ ಉಳಿಯೋದು 1/6. ಇಲ್ಲಿ ನಮ್ಮ ಮಹಾವೀರಾಚಾರ್ಯರನ್ನ ನೆನೆಸ್ಕೊಳ್ಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಸುಮಾರು 850ರ ಹೊತ್ತಿಗೆ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಗಣಿತಸಾರಸಂಗ್ರಹ ಬರೆದ ಈ ಮನುಷ್ಯ, 1ನ್ನ ಅಂಶ 1 ಇರೋ ಭಿನ್ನರಾಶಿಗಳಾಗಿ ಒಡೆಯೋಕೆ ಒಂದು ನಿಯಮ ಕೊಟ್ಟಿದ್ದಾರೆ. ಮೂರು ಬೇಕಾ, 1/2 + 1/3 + 1/6. ನಾಲ್ಕು ಬೇಕಾ, 1/2 + 1/3 + 1/9 + 1/18. ಛೇದ ಸಮ ಮಾಡೋಕೆ ಲ.ಸಾ.ಅ. ಬಳಸೋದೂ ಅದೇ ಗ್ರಂಥದಲ್ಲಿದೆ. ವೇದದಲ್ಲೇ ಎಲ್ಲ ಇತ್ತು ಅಂತ ವಾಟ್ಸಾಪಲ್ಲಿ ಫಾರ್ವರ್ಡ್ ಮಾಡೋವ್ರು ನಿಜವಾಗ್ಲೂ ಇದ್ದ ಈ ಲೆಕ್ಕಾನ ಒಂದ್ಸಲ ಕೂತು ಮಾಡಿ ನೋಡಿದ್ರೆ ಎಷ್ಟೋ ಚೆನ್ನಾಗಿತ್ತು.

5/4ಕ್ಕೆ ಬರೋಣ. ಪಟ್ಟಿ ಪಕ್ಕ ಇನ್ನೊಂದು ಪಟ್ಟಿ ಜೋಡಿಸಿ, 1 ದಾಟಿ ಒಂದು ಹೆಜ್ಜೆ, ಅಷ್ಟೇ. ಭಾಗಾಕಾರಾನೂ ಇದ್ರಲ್ಲೇ ಆಗುತ್ತೆ, 1 ÷ 1/4 ಅಂದ್ರೆ ಒಂದು ಪಟ್ಟಿ ಉದ್ದಕ್ಕೆ ಕಾಲು ಪಟ್ಟಿ ಎಷ್ಟು ಹಿಡಿಸುತ್ತೆ? ನಾಲ್ಕು. 1/2 ÷ 1/4? ಎರಡು. ‘ಉಲ್ಟಾ ಮಾಡಿ ಗುಣಿಸು’ ಅನ್ನೋ ಮಂತ್ರಾನ ಇದೆಲ್ಲ ಕೈಯಲ್ಲಿ ಮಾಡಿದ್ಮೇಲೆ ಹೇಳ್ಕೊಟ್ರೆ ಸಾಕು, ಅಷ್ಟೊತ್ತಿಗೆ ಕೆಲವು ಮಕ್ಕಳು ಅದನ್ನ ತಾವೇ ಕಂಡ್ಕೊಂಡಿರ್ತಾರೆ.