ಯುವಕರೇ ವೋಟ್ ಹಾಕಿ ಎನ್ನುವ ಜಾಹೀರಾತು: ಎಲ್ಲಿಂದ ಶುರುವಾಯಿತು, ಎಲ್ಲಿ ಸಿಕ್ಕಿಕೊಂಡಿತು?

ಚುನಾವಣೆ ಹತ್ತಿರ ಬಂದಂತೆ ಕ್ರಿಕೆಟ್ ಆಟಗಾರರು, ಸಿನಿಮಾ ನಟರು ಫಲಕಗಳಲ್ಲಿ, ಫೋನುಗಳಲ್ಲಿ ಕಾಣಿಸಿಕೊಂಡು ‘ತಪ್ಪದೇ ಮತ ಹಾಕಿ’ ಎನ್ನುತ್ತಾರೆ. ಮತದಾನ ಮುಗಿದ ಮೇಲೆ ಒಂದು ವಾದ ಏಳುತ್ತದೆ. ಹುಡುಗರಿಗೆ ಆಸಕ್ತಿಯೇ ಇಲ್ಲ ಎಂದು ಕೆಲವರು, ಪಟ್ಟಿಯಲ್ಲಿ ಹೆಸರೇ ಇರಲಿಲ್ಲ ಎಂದು ಕೆಲವರು. ಇವೆರಡೂ ಬೇರೆ ಬೇರೆ ತೊಂದರೆ. ಆದರೆ ಜಾಹೀರಾತುಗಳು ಮೊದಲನೆಯದರ ಬಗ್ಗೆಯೇ ಜಾಸ್ತಿ ಮಾತಾಡುತ್ತಾ ಬಂದಿವೆ.

ಪಟ್ಟಿಯ ಗೊಂದಲ ಮೊದಲ ಚುನಾವಣೆಯಷ್ಟೇ ಹಳೆಯದು. 1951–52ರಲ್ಲಿ ಮತದಾರರ ಸಂಖ್ಯೆ ಸುಮಾರು 17 ಕೋಟಿ, ಅವರಲ್ಲಿ ಹೆಚ್ಚಿನವರಿಗೆ ಓದು ಬರಹ ಬರುತ್ತಿರಲಿಲ್ಲ. ಮತ ಹಾಕುವುದು ಹೇಗೆಂದು ಚಿತ್ರಮಂದಿರಗಳಲ್ಲಿ, ರೇಡಿಯೊದಲ್ಲಿ ತಿಳಿಸಿದರು. ಇಷ್ಟಾದರೂ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ಅವರು ತಮ್ಮ ಹೆಸರು ಹೇಳದೆ, ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದರು. ಆಮೇಲೆ ದಶಕಗಳ ಕಾಲ ಮತದಾನದ ವಯಸ್ಸು 21. ಸಂವಿಧಾನದ 61ನೇ ತಿದ್ದುಪಡಿ 1989ರಲ್ಲಿ ಅದನ್ನು 18ಕ್ಕೆ ಇಳಿಸಿತು. ‘ಯುವ ಮತದಾರ’ ಎಂಬ ಮಾತಿಗೆ ತೂಕ ಬಂದದ್ದು ಆಗ.

ಆದರೆ ಈಗ ನಾವು ನೋಡುವ ಧಾಟಿಯ ಜಾಹೀರಾತು ಬಂದದ್ದು 2008ರಲ್ಲಿ. ಟಾಟಾ ಟೀ ಕಂಪನಿ ಬೆಂಗಳೂರಿನ ಜನಾಗ್ರಹ ಸಂಸ್ಥೆಯ ಜೊತೆ ಸೇರಿ ‘ಜಾಗೋ ರೇ’, ಅಂದರೆ ‘ಎದ್ದೇಳಿ’ ಎಂಬ ಅಭಿಯಾನ ನಡೆಸಿತು. ಮತ ಹಾಕದವರು ಎಚ್ಚರವಿದ್ದೂ ನಿದ್ದೆ ಮಾಡುತ್ತಿದ್ದಾರೆ ಎಂಬುದು ಅದರ ತಿರುಳು. ಹೆಸರು ನೋಂದಾಯಿಸಲು ಒಂದು ವೆಬ್‌ಸೈಟನ್ನೂ ಮಾಡಿದ್ದರು. ನನ್ನ ಲೆಕ್ಕದಲ್ಲಿ ಅದೇ ಆ ಅಭಿಯಾನದ ಒಳ್ಳೆಯ ಭಾಗ. ಆದರೆ ಮುಂದೆ ಬಂದವರು ಹೆಚ್ಚಾಗಿ ಹಿಡಿದುಕೊಂಡದ್ದು ‘ಎದ್ದೇಳಿ’ ಎಂಬ ಮಾತನ್ನು.

2009ರ ಲೋಕಸಭಾ ಚುನಾವಣೆಯಲ್ಲಿ ಮತದಾನ ಶೇ 58ರ ಆಸುಪಾಸಿನಲ್ಲಿ ನಿಂತಿತು. ಅದೇ ವರ್ಷ ಚುನಾವಣಾ ಆಯೋಗ ‘ಸ್ವೀಪ್’ ಎಂಬ ಮತದಾರರ ಜಾಗೃತಿ ಕಾರ್ಯಕ್ರಮ ಆರಂಭಿಸಿತು. 2011ರಿಂದ ಜನವರಿ 25, ಅಂದರೆ ಆಯೋಗ ಹುಟ್ಟಿದ ದಿನ, ರಾಷ್ಟ್ರೀಯ ಮತದಾರರ ದಿನವಾಯಿತು. ಹೊಸ ಮತದಾರರಿಗೆ ಗುರುತಿನ ಚೀಟಿಯ ಜೊತೆ ಬ್ಯಾಡ್ಜ್ ಕೊಡುವ ಪದ್ಧತಿ ಬಂತು. ಅಬ್ದುಲ್ ಕಲಾಂ, ಧೋನಿ, ಮೇರಿ ಕೋಮ್ ರಾಯಭಾರಿಗಳಾದರು. 2014ರಲ್ಲಿ ಮತದಾನ ಶೇ 66 ದಾಟಿತು. ಜಾಹೀರಾತಿನಿಂದಲೇ ಹೀಗಾಯಿತು ಎನ್ನಲಾಗದು, ಆ ಚುನಾವಣೆಯ ಕಾವೇ ಬೇರೆ ಇತ್ತು.

ಇನ್ನು 2019. ಕರ್ನಾಟಕದಲ್ಲಿ ಈ ವಿಷಯ ಎತ್ತಿದರೆ ಮಾತು ಅಲ್ಲಿಗೇ ಬರುತ್ತದೆ. ರಾಹುಲ್ ದ್ರಾವಿಡ್ ಆಗ ರಾಜ್ಯದ ಚುನಾವಣಾ ರಾಯಭಾರಿ. ಮತ ಹಾಕಿ ಎಂದು ಕರೆ ಕೊಡುವ ಫಲಕಗಳಲ್ಲಿ ಅವರದೇ ಮುಖ. ಆದರೆ ಅವರಿಗೇ ಮತ ಹಾಕಲು ಆಗಲಿಲ್ಲ. ಮನೆ ಬದಲಾಯಿಸಿದ್ದರಿಂದ ಹಳೆಯ ವಿಳಾಸದಲ್ಲಿದ್ದ ಹೆಸರನ್ನು ತೆಗೆಯಲು ಮನೆಯವರು ಅರ್ಜಿ ಕೊಟ್ಟಿದ್ದರು. ಹೊಸ ವಿಳಾಸದಲ್ಲಿ ಸೇರಿಸುವ ಅರ್ಜಿ ಸಮಯಕ್ಕೆ ಹೋಗಿರಲಿಲ್ಲ. ಇಲ್ಲಿ ಯಾರ ಸೋಮಾರಿತನವೂ ಕಾಣುವುದಿಲ್ಲ. ಒಂದು ಫಾರಂ ಹೋಯಿತು, ಇನ್ನೊಂದು ಹೋಗಲಿಲ್ಲ, ಅಷ್ಟೇ. ಇಡೀ ರಾಜ್ಯಕ್ಕೆ ಪರಿಚಯವಿರುವ ಮನುಷ್ಯನಿಗೇ ಹೀಗಾದರೆ, ಎರಡು ವರ್ಷದಲ್ಲಿ ಮೂರು ಪಿಜಿ ಬದಲಾಯಿಸುವ ಹುಡುಗಿಯ ಪಾಡೇನು? ಅವಳಿಗೆ ಆಸಕ್ತಿ ಇಲ್ಲ ಎಂದು ಹೇಳಿಬಿಡುವುದು ಸುಲಭ, ಅಲ್ವಾ?

ಆಮೇಲೆ ನಿಯಮಗಳು ಸ್ವಲ್ಪ ಸಡಿಲವಾದವು. ಮೊದಲು ಜನವರಿ 1ಕ್ಕೆ 18 ತುಂಬಿರಬೇಕಿತ್ತು. ಜನವರಿ 2ರಂದು ಹುಟ್ಟಿದವರು ಒಂದು ವರ್ಷ ಕಾಯಬೇಕಿತ್ತು. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್‌ನ ಮೊದಲ ದಿನಗಳೂ ಲೆಕ್ಕಕ್ಕೆ ಬಂದವು. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಹೊಸಬರಿಗೆ ಫಾರಂ 6, ಮನೆ ಬದಲಾಯಿಸಿದವರಿಗೆ ಫಾರಂ 8. ಇಷ್ಟಾದರೂ 2024ರ ಚುನಾವಣೆಗೆ ಹೆಸರು ಸೇರಿಸಿದ್ದ 18–19ರ ವಯಸ್ಸಿನವರು ಸುಮಾರು 1.8 ಕೋಟಿ. ಅಂದರೆ ಆ ವಯಸ್ಸಿನ ಅರ್ಧದಷ್ಟು ಜನರೂ ಪಟ್ಟಿಯಲ್ಲಿರಲಿಲ್ಲ. ಊರು ಬಿಟ್ಟು ಬಂದವರು ಇದ್ದಲ್ಲಿಂದಲೇ ತಮ್ಮ ಕ್ಷೇತ್ರಕ್ಕೆ ಮತ ಹಾಕುವ ಯಂತ್ರವೊಂದನ್ನು ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತು. ಹಲವು ವಿರೋಧ ಪಕ್ಷಗಳು ಒಪ್ಪಲಿಲ್ಲ. 2024ರಲ್ಲಿ ಅದು ಬಳಕೆಗೆ ಬರಲಿಲ್ಲ.

ಜಾಹೀರಾತಿನ ಸಮಯವೂ ಒಂದು ಸಮಸ್ಯೆ. ನಾಮಪತ್ರ ಸಲ್ಲಿಸುವ ಕೊನೆಯ ದಿನ ದಾಟಿದ ಮೇಲೆ ಆ ಚುನಾವಣೆಯ ಪಟ್ಟಿಗೆ ಹೆಸರು ಸೇರುವುದಿಲ್ಲ. ಜಾಹೀರಾತುಗಳ ಅಬ್ಬರ ಜೋರಾಗುವುದು ಮತದಾನದ ವಾರ. ಅಷ್ಟರಲ್ಲಿ ಪಟ್ಟಿ ಮುಚ್ಚಿರುತ್ತದೆ. ಹಾಸ್ಟೆಲ್‌ನಲ್ಲಿ ಓದುವವರು ಊರಿನ ಮನೆಯ ವಿಳಾಸದಲ್ಲೋ ಹಾಸ್ಟೆಲ್ ವಿಳಾಸದಲ್ಲೋ, ಎರಡರಲ್ಲಿ ಒಂದು ಕಡೆ ಹೆಸರು ಸೇರಿಸಬಹುದು. ಹಾಸ್ಟೆಲ್ ವಿಳಾಸಕ್ಕೆ ಕಾಲೇಜಿನಿಂದ ಒಂದು ದೃಢೀಕರಣ ಪತ್ರ ತಂದರೆ ಆಯಿತು. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದ ಫಲಕ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.