ಆಲ್ಬಂ ಕವರ್ ಅಂದರೆ ಫ್ಲೆಕ್ಸ್ ಅಲ್ಲ

"ಅಣ್ಣಾ, ಐದೂ ಜನರ ಫೋಟೋ ಬರಲೇಬೇಕು. ಬ್ಯಾಂಡ್ ಹೆಸರು ದಪ್ಪಗಿರಲಿ. ಕೆಳಗೆ ಬುಕಿಂಗ್ ನಂಬರ್." ಚಿಕ್ಕಬಳ್ಳಾಪುರದ ನನ್ನ ಅಂಗಡಿಗೆ ಕವರ್ ಮಾಡಿಸಲು ಬರುವ ಹುಡುಗರು ಹಾಡು ಕೇಳಿಸುವ ಮೊದಲೇ ಇಷ್ಟು ಹೇಳಿ ಮುಗಿಸಿರುತ್ತಾರೆ.

ಬಿ.ಬಿ. ರಸ್ತೆಯಲ್ಲಿ ಕಟ್ಟುವ ಫ್ಲೆಕ್ಸ್‌ಗೆ ಇದೆಲ್ಲ ಸರಿ. ಆದರೆ ನಿಮ್ಮ ಕವರನ್ನು ಜನ ನೋಡುವುದು ಮೊಬೈಲಿನಲ್ಲಿ ಹಾಡು ಕೇಳುವ ಆ್ಯಪ್‌ನ ಪಟ್ಟಿಯಲ್ಲಿ, ಬೆರಳ ತುದಿಯಷ್ಟು ಜಾಗದಲ್ಲಿ. "3000 ಪಿಕ್ಸೆಲ್ ಚೌಕದ ಫೈಲ್ ಕೊಡ್ತೀವಲ್ಲಣ್ಣ" ಎಂದು ವಾದಿಸುತ್ತಾರೆ. ಕೊಡುವುದು 3000, ನಿಜ. ಕಾಣುವುದು ಬೆರಳ ತುದಿಯಷ್ಟೇ. ಅಷ್ಟರಲ್ಲಿ ಐದು ಮುಖ ತುರುಕಿದರೆ ಒಬ್ಬರದೂ ಕಣ್ಣು ಮೂಗು ಕಾಣುವುದಿಲ್ಲ. ಹೆಸರನ್ನಂತೂ ಚಿತ್ರದ ಕೆಳಗೆ ಆ್ಯಪ್ ತಾನೇ ಬರೆದುಕೊಳ್ಳುತ್ತದೆ. ಫೋನ್ ನಂಬರ್, ವೆಬ್ ವಿಳಾಸ ಇರುವ ಕವರನ್ನು ಆ್ಯಪ್‌ನವರು ಸಾಮಾನ್ಯವಾಗಿ ವಾಪಸ್ ಕಳಿಸುತ್ತಾರೆ. ನಿಯಮ ಆಗಾಗ ಬದಲಾಗುವುದರಿಂದ ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ನಿಮ್ಮ ವಿತರಕರನ್ನು ಒಮ್ಮೆ ಕೇಳಿಕೊಳ್ಳಿ.

ಹೆಸರಿಲ್ಲದಿದ್ದರೆ ಯಾರು ಗುರುತಿಸುತ್ತಾರೆ ಎನ್ನುವವರಿಗೆ ನಾನು ಬ್ರಿಟನ್ನಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ 1970ರ ಆಲ್ಬಂ 'ಆಟಮ್ ಹಾರ್ಟ್ ಮದರ್' ತೋರಿಸುತ್ತೇನೆ. ಮುಂಬದಿಯಲ್ಲಿ ಹುಲ್ಲುಗಾವಲಲ್ಲಿ ನಿಂತು ತಿರುಗಿ ನೋಡುವ ಒಂದು ಹಸು, ಅಷ್ಟೆ. ಬ್ಯಾಂಡಿನ ಹೆಸರಿಲ್ಲ, ಆಲ್ಬಂ ಹೆಸರೂ ಇಲ್ಲ. ಒಳಗಿನದೇನೂ ಸಲೀಸಾದ ಸಂಗೀತವಲ್ಲ. ಗ್ರಾಮಫೋನ್ ತಟ್ಟೆಯ ಮೊದಲ ಬದಿ ಪೂರ್ತಿ ಒಂದೇ ರಚನೆ, 23 ನಿಮಿಷಕ್ಕೂ ಹೆಚ್ಚು, ಹಿತ್ತಾಳೆ ವಾದ್ಯಗಳು, ಗಾಯನವೃಂದ ಎಲ್ಲ ಸೇರಿ. ಬ್ರಿಟನ್ನಿನಲ್ಲಿ ಅವರ ಆಲ್ಬಂ ಮೊದಲ ಸ್ಥಾನಕ್ಕೇರಿದ್ದು ಅದೇ ಮೊದಲು. ಹಸುವಿನಿಂದಲೇ ಏರಿತು ಎಂದು ನಾನು ಹೇಳುವುದಿಲ್ಲ. ಹಸು ಅಡ್ಡಿಯಂತೂ ಆಗಲಿಲ್ಲ.

ಶಿಡ್ಲಘಟ್ಟದ ಹುಡುಗರ ವಿಷಯ ಹೇಳಲೇಬೇಕು, ನನಗೆ ಅವರೆಂದರೆ ಅಕ್ಕರೆ. ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆ ಘಟಕದ ರಾಟೆಯ ಸದ್ದನ್ನು ರೆಕಾರ್ಡ್ ಮಾಡಿ, ಅರ್ಧ ವೇಗಕ್ಕೆ ಇಳಿಸಿದ್ದರು. ವೇಗ ಅರ್ಧವಾದರೆ ಶ್ರುತಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಹಾಗಾಗಿ ಆ ಕಿರುಗುಟ್ಟುವಿಕೆ ತಂಬೂರಿಯ ಹಾಗೆ ತುಂಬಿಕೊಂಡು, ಅದರ ಮೇಲೆ ಗಿಟಾರ್ ನಿಧಾನಕ್ಕೆ ಏಳುತ್ತಿತ್ತು. ಇಂಥ ಸಂಗೀತ ಮಾಡಿದವರೂ ಕವರಿಗೆ ಕೇಳಿದ್ದು ಕಪ್ಪು ಕನ್ನಡಕ, ಹಿಂದೆ ಬೆಂಕಿ!

ಅವರದೇ ಮನೆಯಲ್ಲಿ ಹಣ್ಣಾದ ರೇಷ್ಮೆಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ, ಚಂದ್ರಿಕೆ, ಇತ್ತು. ಗೂಡು ಬಿಡಿಸುವ ದಿನ ಹೋಗಿ ಮೇಲಿನಿಂದ ಫೋಟೋ ತೆಗೆದೆ. ಸುರುಳಿ ಸುತ್ತಿದ ಬಿದಿರಿನ ಪಟ್ಟಿ, ನಡುನಡುವೆ ಬಿಳಿ ಗೂಡುಗಳು, ಒಂದು ಗೂಡು ಕಿತ್ತ ಜಾಗದಲ್ಲಿ ಬಿದಿರಿಗೇ ಅಂಟಿಕೊಂಡ ಎಳೆಗಳು. ಬೇರೆ ಏನನ್ನೂ ಹಾಕಲಿಲ್ಲ. ಮೊಬೈಲಿನಲ್ಲಿ ಪುಟ್ಟದಾಗಿಸಿ ನೋಡಿದಾಗಲೂ ಆ ಸುರುಳಿ ಸುರುಳಿಯಾಗಿಯೇ ಕಂಡಿತು. ಐವರೂ ಒಪ್ಪಿದರು, ಡ್ರಮ್ಸ್ ನುಡಿಸುವವನು ಮಾತ್ರ ಸ್ವಲ್ಪ ತಡವಾಗಿ.

ಹಾಗಂತ ಎಲ್ಲರೂ ಗೂಡು, ಹಸು ಹುಡುಕಿಕೊಂಡು ಹೊರಡಬೇಡಿ. ಮುಖವೇ ಸರಿಹೊಂದುವ ಆಲ್ಬಂಗಳೂ ಇವೆ, ಆಗ ಒಂದು ಮುಖ ಹಾಕೋಣ. ಮೊದಲು ಹಾಡು ಕೇಳಿಸಿ, ಧ್ವನಿಯನ್ನು ಕೊನೆಯದಾಗಿ ಹದಗೊಳಿಸುವ ಮಾಸ್ಟರಿಂಗ್ ಆಗದಿದ್ದರೂ ಪರವಾಗಿಲ್ಲ. ಗುಂಪಿನ ಫೋಟೋಗೆ ಸಿ.ಡಿ. ಪುಸ್ತಿಕೆಯ ಒಳಪುಟವಿದೆ. ಯಾರು ಏನು ನುಡಿಸಿದರು ಎಂಬುದರ ಜೊತೆಗೆ ಸದ್ದು ಹಿಡಿಯಲು ಬಿಟ್ಟ ಘಟಕದವರ ಹೆಸರನ್ನೂ ಅಲ್ಲಿ ಹಾಕಿ. ಚಿತ್ರಗಳನ್ನು ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ, ಆಮೇಲೆ ನಾನು ಎಷ್ಟು ಹಿಗ್ಗಿಸಿದರೂ ಆ ಎಳೆಗಳು ವಾಪಸ್ ಬರುವುದಿಲ್ಲ.